ಹೊಳೆಯೂ ಕಡಲೂ ಒಂದೇ ನೆಗೆಟಿವ್‌ನಲ್ಲಿ: ಪಿನ್‌ಹೋಲ್ ಪನೋರಮಾ ಕ್ಯಾಮೆರಾ ಕಟ್ಟಿದ ದಿನಚರಿ

ಉಡುಪಿ ಹತ್ತಿರದ ಕೋಡಿ ಬೆಂಗ್ರೆಯಲ್ಲಿ ತೆಗೆದ ನೆಗೆಟಿವ್ ಈಗ ನನ್ನ ಮೇಜಿನ ಮೇಲಿದೆ. ಅಗಲ 6 ಸೆಂ.ಮೀ., ಉದ್ದ ಸುಮಾರು 37 ಸೆಂ.ಮೀ. ಎಲ್ಲ ಸೇರಿ ಒಂದೇ ಚಿತ್ರ. ಶುರುವಿನಲ್ಲಿ ಕಡಲು, ಆಮೇಲೆ ತೆಂಗಿನ ಸಾಲು, ಆಮೇಲೆ ಹೊಳೆ, ಕೊನೆಗೆ ಮತ್ತೆ ಅದೇ ಕಡಲು. ಲೆನ್ಸ್ ಬದಲು ಸೂಜಿ ತೂತು ಇರುವ ಪಿನ್‌ಹೋಲ್ ಕ್ಯಾಮೆರಾದಲ್ಲಿ ಏಳು ಸಲ ಬೆಳಕು ಬಿಟ್ಟು ಮಾಡಿದ್ದು. ಒಂದು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಅಂತ ಹುಡುಕಿದರೂ ಸಿಗುವುದಿಲ್ಲ. ಕಂಪ್ಯೂಟರ್‌ನಲ್ಲಿ ಜೋಡಿಸಿದ್ದಲ್ಲ. ಫಿಲ್ಮ್ ಮೇಲೇ ಒಂದಕ್ಕೊಂದು ಬೆರೆತದ್ದು. ನನಗೆ ಬೇಕಾಗಿದ್ದದ್ದು ಇದೊಂದೇ.

ಇಲ್ಲಿಗೆ ತಲುಪಲು ಐದು ತಿಂಗಳು ಹಿಡಿಯಿತು. ಏಳು ರೋಲ್ ಖರ್ಚಾಯಿತು, ಅದರಲ್ಲಿ ಐದು ಹಾಳಾದವು. ಯಾಕೆ ಹಾಳಾದವು ಅಂತ ಬರೆದಿಡುತ್ತಿದ್ದೇನೆ. ಇದೇ ಕೆಲಸಕ್ಕೆ ಇಳಿಯುವವರಿಗೆ ಒಂದೆರಡು ರೋಲ್ ಆದರೂ ಉಳಿಯಲಿ.

ಆಗಸ್ಟ್ 10, 2025: ಮೊದಲ ಪೆಟ್ಟಿಗೆ

ಬಡಗಿಯೊಬ್ಬರ ಹತ್ತಿರ ಉಳಿದಿದ್ದ 12 ಮಿ.ಮೀ. ಪ್ಲೈವುಡ್ ತುಂಡು ತಂದೆ. 120 ಫಿಲ್ಮ್‌ನ (6 ಸೆಂ.ಮೀ. ಅಗಲದ ರೋಲ್ ಫಿಲ್ಮ್) ಎರಡು ಸ್ಪೂಲ್ ಎರಡು ಬದಿಗೆ, ನಡುವೆ ಚಪ್ಪಟೆಯಾಗಿ ಫಿಲ್ಮ್, ಎದುರಿಗೆ 40 ಮಿ.ಮೀ. ದೂರದಲ್ಲಿ ತೂತು. ಒಳಗೆಲ್ಲ ಬ್ಲ್ಯಾಕ್‌ಬೋರ್ಡ್ ಪೇಂಟ್.

ತೂತಿಗೆ ಕೂಲ್‌ಡ್ರಿಂಕ್ಸ್ ಕ್ಯಾನಿನ ತಗಡು. ಹೊಲಿಗೆ ಸೂಜಿಯ ತುದಿ ಮಾತ್ರ ಒತ್ತಬೇಕು. ಹಿಂದೆ ಎದ್ದ ಮುಳ್ಳನ್ನು ಸ್ಯಾಂಡ್ ಪೇಪರ್‌ನಲ್ಲಿ ಉಜ್ಜಬೇಕು, ಮತ್ತೆ ಒತ್ತಬೇಕು. 40 ಮಿ.ಮೀ.ಗೆ 0.28 ಮಿ.ಮೀ. ತೂತು ಸರಿ. ಅಳೆಯಲು ಸ್ಕ್ಯಾನರ್ ಸಾಕು. 2400 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದರೆ ತೂತಿನ ಅಡ್ಡಗಲ 26 ಅಥವಾ 27 ಪಿಕ್ಸೆಲ್ ಬರಬೇಕು. ಎಂಟನೆಯ ತಗಡಿನಲ್ಲಿ ಸರಿಬಂತು. ಈ ತಗಡನ್ನು ಉಜ್ಜುವ ವಿಷಯಕ್ಕೆ ಆಮೇಲೆ ಮತ್ತೆ ಬರುತ್ತೇನೆ.

ಆಲೋಚನೆ ಹೀಗಿತ್ತು. ಒಂದು ಸಲ ಬೆಳಕು ಬಿಡುವುದು. ಫಿಲ್ಮ್ ಅನ್ನು ಪೂರ್ತಿ ಒಂದು ಫ್ರೇಮ್ ಸುತ್ತದೆ ಸ್ವಲ್ಪ ಕಡಿಮೆ ಸುತ್ತುವುದು. ಕ್ಯಾಮೆರಾವನ್ನು 60 ಡಿಗ್ರಿ ತಿರುಗಿಸಿ ಮತ್ತೆ ಬೆಳಕು ಬಿಡುವುದು. ಅಂಚುಗಳು ಒಂದರ ಮೇಲೊಂದು ಬಿದ್ದು ಬೆರೆಯುತ್ತವೆ.

ಆಗಸ್ಟ್ 24: ಒಂದನೇ ರೋಲ್, ಬಿಳಿ ಪಟ್ಟಿಗಳು

ಮಳೆ ಬಿಟ್ಟ ಸಂಜೆ ಮಲ್ಪೆ ಬೀಚಿನಲ್ಲಿ ತೆಗೆದೆ. ಫಿಲ್ಮ್ ಎದುರಿಗೆ 56 ಮಿ.ಮೀ. ಅಗಲದ ಚೌಕಟ್ಟು ಇಟ್ಟಿದ್ದೆ. ಸುತ್ತಬೇಕಾದದ್ದು 46 ಮಿ.ಮೀ. ಹಾಗಾಗಿ 10 ಮಿ.ಮೀ. ಒಂದರ ಮೇಲೊಂದು ಬಿತ್ತು. ಆ 10 ಮಿ.ಮೀ.ಗೆ ಎರಡು ಪಟ್ಟು ಬೆಳಕು ಸಿಕ್ಕಿತು. ಪ್ರಿಂಟ್‌ನಲ್ಲಿ ಪ್ರತಿ ಜೋಡಣೆಗೂ ಒಂದು ಬಿಳಿ ಪಟ್ಟಿ, ಅದರ ಎರಡೂ ಬದಿಗೆ ಸ್ಕೇಲ್ ಇಟ್ಟು ಎಳೆದಂಥ ಗೆರೆ.

ಇನ್ನೊಂದು ತಪ್ಪೂ ಇತ್ತು. ಸುತ್ತಿದ್ದನ್ನು ಸ್ಪೂಲ್ ತಿರುಗಿಸುವ ಗುಬ್ಬಿಯ ಸುತ್ತು ಎಣಿಸಿ ಅಂದಾಜು ಮಾಡಿದ್ದೆ. ಸ್ಪೂಲ್ ಮೇಲೆ ಫಿಲ್ಮ್ ಸೇರುತ್ತಾ ಹೋದ ಹಾಗೆ ಅದು ದಪ್ಪವಾಗುತ್ತದೆ. ಆಮೇಲೆ ಅಳೆದು ನೋಡಿದೆ. ಫಿಲ್ಮ್ ಶುರುವಾಗುವಾಗ ಒಂದು ಸುತ್ತಿಗೆ 44 ಮಿ.ಮೀ., ಕೊನೆಯಲ್ಲಿ 62 ಮಿ.ಮೀ. ಫಿಲ್ಮ್‌ನ ಬೆನ್ನಿಗೆ ಉದ್ದಕ್ಕೂ ಬರುವ ಕಾಗದದ ಮೇಲಿನ ಫ್ರೇಮ್ ನಂಬರುಗಳೂ ನನ್ನ ಅಳತೆಗೆ ಕೂಡುವುದಿಲ್ಲ.

ಸೆಪ್ಟೆಂಬರ್ 7: ಎರಡನೇ ರೋಲ್, ಹಲ್ಲುಗಳು

ಅಂಚು ಮೆತ್ತಗಾಗಬೇಕು ಅಂತ ಚೌಕಟ್ಟಿನ ಎರಡೂ ಬದಿಗೆ ಗರಗಸದ ಹಲ್ಲಿನ ಹಾಗೆ ಕತ್ತರಿಸಿದ ಕಪ್ಪು ಕಾರ್ಡ್ ಅಂಟಿಸಿದೆ. ಫಿಲ್ಮ್‌ನಿಂದ 15 ಮಿ.ಮೀ. ಮುಂದೆ ಇಟ್ಟರೆ ನೆರಳು ಮಸುಕಾಗಬಹುದು ಅಂದುಕೊಂಡಿದ್ದೆ.

ಮಸುಕಾಗಲಿಲ್ಲ. ತೂತು ಅಷ್ಟು ಸಣ್ಣದಿದ್ದರೆ ಎದುರಿಗೆ ಇಟ್ಟ ಯಾವುದರ ನೆರಳೂ ಗೆರೆ ಎಳೆದ ಹಾಗೆಯೇ ಬೀಳುತ್ತದೆ. ಆಕಾಶದ ತುಂಬಾ ಬಾಚಣಿಗೆಯ ಹಲ್ಲು. ಈ ದಾರಿ ಪೂರ್ತಿ ಬಂದ್. ಪಿನ್‌ಹೋಲ್ ಕ್ಯಾಮೆರಾದೊಳಗೆ ಏನನ್ನೇ ಅಡ್ಡ ಇಟ್ಟು ಅಂಚು ಮೆತ್ತಗೆ ಮಾಡಲು ಹೋಗಬೇಡಿ.

ಸೆಪ್ಟೆಂಬರ್ 21: ಮೂರನೇ ರೋಲ್, ಎರಡೆರಡು ಕಂಬ

ಚೌಕಟ್ಟನ್ನೇ ಕಿತ್ತು ಹಾಕಿದೆ. ಒಳಗೆ 90 ಮಿ.ಮೀ. ಅಗಲಕ್ಕೆ ಫಿಲ್ಮ್ ತೆರೆದೇ ಇತ್ತು. ಅಂಚಿಗೆ ಹೋದ ಹಾಗೆ ಬೆಳಕು ತಾನಾಗೇ ಕಡಿಮೆಯಾಗುತ್ತದೆ ಅಲ್ವಾ, ಅದೇ ಮೆತ್ತಗಿನ ಅಂಚು.

ಆಕಾಶ ಚೆನ್ನಾಗಿ ಬೆರೆಯಿತು. ನೀರೂ ಬೆರೆಯಿತು. ಆದರೆ ಬಂದರಿನಲ್ಲಿ ನಿಂತ ಬೋಟುಗಳ ಕಂಬಗಳೆಲ್ಲ ಎರಡೆರಡು, ನಡುವೆ ಸುಮಾರು 2 ಮಿ.ಮೀ. ಅಂತರ. ಫಿಲ್ಮ್ ಚಪ್ಪಟೆ ಇದ್ದಾಗ ಅಂಚಿನ ಚಿತ್ರ ಎಳೆದಂತೆ ಹಿಗ್ಗುತ್ತದೆ. ಒಂದು ಫ್ರೇಮಿನ ಬಲ ಅಂಚು, ಮುಂದಿನದರ ಎಡ ಅಂಚು, ಎರಡೂ ಬೇರೆ ಬೇರೆ ಬದಿಗೆ ಹಿಗ್ಗುತ್ತವೆ. ನಡುವೆ ಒಂದು ಗೆರೆಯಲ್ಲಿ ಮಾತ್ರ ಕೂಡುತ್ತವೆ. ಎಷ್ಟು ಸರಿಯಾಗಿ ಸುತ್ತಿದರೂ ಇದು ಹೋಗುವುದಿಲ್ಲ.

ಇದರ ಜೊತೆ ಮಳೆಗೆ ಪ್ಲೈವುಡ್ ಉಬ್ಬಿ, ಮುಚ್ಚಳದ ಸಂದಿಯಿಂದ ಬೆಳಕು ನುಗ್ಗಿತ್ತು. ಕರಾವಳಿಯಲ್ಲಿ ಮರದ ಕ್ಯಾಮೆರಾ ಮಾಡುವವರು ಪೇಂಟ್ ಹೊಡೆಯುವ ಮೊದಲು ಕತ್ತರಿಸಿದ ಅಂಚುಗಳಿಗೆಲ್ಲ ಎರಡು ಕೈ ವಾರ್ನಿಷ್ ಕೊಡಿ. ನಾನು ಕೊಟ್ಟಿರಲಿಲ್ಲ.

ಅಕ್ಟೋಬರ್ ಪೂರ್ತಿ: ಎರಡನೇ ಪೆಟ್ಟಿಗೆ, ಪೈಪು ಮತ್ತು ಬಳೆ

ಫಿಲ್ಮ್ ತೂತಿನ ಸುತ್ತ ಬಾಗಿ ನಿಂತರೆ ಹಿಗ್ಗುವ ಪ್ರಶ್ನೆಯೇ ಇಲ್ಲ. 60 ಡಿಗ್ರಿ ಎಲ್ಲೇ ಇದ್ದರೂ ಫಿಲ್ಮ್ ಮೇಲೆ ಅಷ್ಟೇ ಉದ್ದ. ಬಾಗಿದ ಗೋಡೆ ಬೇಕಿತ್ತು. ಮನೆಯ ಹಿಂದೆ 90 ಮಿ.ಮೀ. ಪಿವಿಸಿ ಪೈಪಿನ ತುಂಡು ಬಿದ್ದಿತ್ತು. ಒಳಗಿನ ಅಡ್ಡಗಲ 84 ಮಿ.ಮೀ., ಅಂದರೆ ತೂತಿನಿಂದ ಫಿಲ್ಮ್‌ಗೆ 42 ಮಿ.ಮೀ. ಪೈಪನ್ನು 64 ಮಿ.ಮೀ. ಉದ್ದಕ್ಕೆ ಕತ್ತರಿಸಿದೆ. ಆಮೇಲೆ ಹ್ಯಾಕ್ಸಾ ಬ್ಲೇಡಿನಲ್ಲಿ ಉದ್ದಕ್ಕೆ ಸೀಳಿ, 140 ಡಿಗ್ರಿಯಷ್ಟು ಬಾಗು ಉಳಿಸಿಕೊಂಡೆ. ತೂತು ಸರಿಯಾಗಿ ಆ ವೃತ್ತದ ಕೇಂದ್ರಕ್ಕೆ ಬರಬೇಕು.

ಹಳೆಯ ರೋಲಿನ ಕಾಗದ ಹಾಕಿ ಸುತ್ತಿ ನೋಡಿದೆ. ಎಳೆದ ತಕ್ಷಣ ಕಾಗದ ಪೈಪಿನ ಗೋಡೆ ಬಿಟ್ಟು ಮುಂದಕ್ಕೆ ಬಂದು, ಬಿಲ್ಲಿನ ಹಗ್ಗದ ಹಾಗೆ ನೆಟ್ಟಗೆ ನಿಂತಿತು. ಒಳಬಾಗಿನ ಮೇಲೆ ಎಳೆದರೆ ಹಾಗೇ ಆಗುವುದು. ಮೇಲೆ ಕೆಳಗೆ ಅಂಚುಗಳನ್ನು ಹಿಡಿಯುವ ಕಾಲುವೆ ಬೇಕು. ಪೈಪಿನ ಗೋಡೆ ಹೊರಗಿನ ದಡ ಆಯಿತು. ಒಳಗಿನ ದಡಕ್ಕೆ ಸುಮಾರು 81 ಮಿ.ಮೀ. ಹೊರಗಲದ ಬಳೆಯಾಕಾರದ ಏನಾದರೂ ಬೇಕು.

ಬಳೆಯೇ ಸಿಕ್ಕಿತು. ಉಡುಪಿ ರಥಬೀದಿಯ ಹತ್ತಿರ ಒಂದು ಫ್ಯಾನ್ಸಿ ಅಂಗಡಿಗೆ ಸ್ಕೇಲ್ ಹಿಡಿದುಕೊಂಡು ಹೋದೆ. ಅಂಗಡಿಯ ಅಕ್ಕ ಕೇಳಿದರು, “ಎಷ್ಟು ಸೈಜಿನ ಕೈ ಅಣ್ಣ?” ಕೈಗಲ್ಲ, ಕ್ಯಾಮೆರಾದ ಒಳಗೆ ಹಾಕಲು ಅಂದೆ. “ಹಾಗಾದ್ರೆ ದಪ್ಪದ್ದು ನೋಡಿ, ಸಪೂರದ್ದು ಮುರಿತದೆ” ಅಂತ ಒಂದು ಡಬ್ಬವನ್ನೇ ಎದುರಿಗೆ ಸುರಿದರು. ಅದರಲ್ಲಿ ಎರಡು ದಪ್ಪ ಪ್ಲಾಸ್ಟಿಕ್ ಬಳೆ ಅಳತೆಗೆ ಕೂತವು. ಎತ್ತರ 4 ಮಿ.ಮೀ. ಇತ್ತು, ಉಜ್ಜಿ 2 ಮಿ.ಮೀ.ಗೆ ಇಳಿಸಿದೆ. ಅರ್ಧಕ್ಕೆ ಕತ್ತರಿಸಿ ಮೇಲಿನ, ಕೆಳಗಿನ ಹಲಗೆಗೆ ಅಂಟಿಸಿದೆ. ಈಗ ಪೈಪಿಗೂ ಬಳೆಗೂ ನಡುವೆ ಒಂದೂವರೆ ಮಿ.ಮೀ. ಸಂದಿ. ಕಾಗದ ಆ ಸಂದಿಯಲ್ಲಿ ಸಲೀಸಾಗಿ ಓಡಿತು. ಫಿಲ್ಮ್‌ನ ಮೇಲೆ ಕೆಳಗೆ 2 ಮಿ.ಮೀ. ಚಿತ್ರ ಹೋಗುತ್ತದೆ, ಪರವಾಗಿಲ್ಲ.

ಬಳೆಯ ಒಳಬದಿಗೆ ಹೊಳಪು ಉಳಿಯದ ಹಾಗೆ ಕಪ್ಪು ಬಳಿಯಿರಿ. ಮೂಲೆಯಲ್ಲಿ ಗಮ್ ಒಂದು ಹನಿ ಗಟ್ಟಿಯಾಗಿದ್ದರೂ ಫಿಲ್ಮ್ ಮೇಲೆ ಉದ್ದಕ್ಕೆ ಗೀರು ಬೀಳುತ್ತದೆ. ಬೆರಳಿನಲ್ಲಿ ಸವರಿ ನೋಡಿ, ಕಣ್ಣಿಗೆ ಕಾಣುವುದಿಲ್ಲ.

ಇನ್ನು ಸುತ್ತುವ ಅಳತೆ. 42 ಮಿ.ಮೀ. ದೂರಕ್ಕೆ 60 ಡಿಗ್ರಿ ಅಂದರೆ 44 ಮಿ.ಮೀ. ಈ ಸಲ ಸ್ಪೂಲ್ ಸುತ್ತು ಎಣಿಸುವುದನ್ನು ಬಿಟ್ಟೆ. ಫಿಲ್ಮ್ ಹಾದುಹೋಗುವ ದಾರಿಯಲ್ಲೇ, ಕಾಗದದ ಬದಿಗೆ ತಾಗುವಂತೆ ಒಂದು ರೋಲರ್ ಇಟ್ಟೆ. 12 ಮಿ.ಮೀ. ಅಲ್ಯೂಮಿನಿಯಂ ಪೈಪಿಗೆ ಸೈಕಲ್ ಟ್ಯೂಬಿನ ರಬ್ಬರ್ ಒಂದು ಸುತ್ತು. ಒಟ್ಟು ದಪ್ಪ 14 ಮಿ.ಮೀ., ಸುತ್ತಳತೆ 44. ರೋಲರ್ ಒಂದು ಸುತ್ತು ತಿರುಗಿದರೆ ಫಿಲ್ಮ್ 44 ಮಿ.ಮೀ. ಓಡಿದೆ ಅಂತ ಲೆಕ್ಕ. ಅದರ ತುದಿಯನ್ನು ಹೊರಗೆ ತಂದು ಒಂದು ಮುಳ್ಳು ಸಿಕ್ಕಿಸಿದೆ. ಗಡಿಯಾರದ ಮುಳ್ಳಿನ ಹಾಗೆ, ಹನ್ನೆರಡರಿಂದ ಹನ್ನೆರಡಕ್ಕೆ ಒಂದು ಫ್ರೇಮ್. ಕಾಗದದಲ್ಲಿ ಹತ್ತು ಸುತ್ತು ಅಳೆದೆ, 443 ಮಿ.ಮೀ. ಬಂತು. ಇದಕ್ಕಿಂತ ಜಾಸ್ತಿ ನನಗೆ ಬೇಡ. ಈ ರೋಲರ್ ಇಡೀ ಕ್ಯಾಮೆರಾದಲ್ಲಿ ನನಗೆ ಅತ್ಯಂತ ಪ್ರೀತಿಯ ಭಾಗ.

ರೋಲರ್ ಹೊರಬರುವ ತೂತಿನ ಸುತ್ತ ಕಪ್ಪು ವೆಲ್ವೆಟ್ ಬಟ್ಟೆ ಅಂಟಿಸಿದ್ದೇನೆ, ಬೆಳಕು ನುಗ್ಗದ ಹಾಗೆ. ಹೊಸ ದೂರಕ್ಕೆ ಹೊಸ ತೂತು, 0.29 ಮಿ.ಮೀ. 42ನ್ನು 0.29ರಿಂದ ಭಾಗಿಸಿದರೆ ಎಫ್/145 ಆಗುತ್ತದೆ, ಬೆಳಕು ಬಿಡುವ ಸಮಯದ ಲೆಕ್ಕಕ್ಕೆ ಬೇಕಾದ ಅಂಕಿ ಇದು.

ಟ್ರೈಪಾಡ್ ಮೇಲೆ ಒಂದು ದುಂಡು ಹಲಗೆ, ಅದರಲ್ಲಿ 60 ಡಿಗ್ರಿಗೊಂದರಂತೆ ಆರು ತೂತು. ಕ್ಯಾಮೆರಾದ ಅಡಿಯ ಹಲಗೆಯಿಂದ ಒಂದು ಮೊಳೆ ಇಳಿಸಿದರೆ ಅಲ್ಲೇ ನಿಲ್ಲುತ್ತದೆ.

ನವೆಂಬರ್ 2: ನಾಲ್ಕನೇ ರೋಲ್, ದಿಕ್ಕು ತಪ್ಪಿತು

ಫಿಲ್ಮ್ ಎಡದಿಂದ ಬಲಕ್ಕೆ ಓಡುತ್ತದೆ, ನಾನು ಕ್ಯಾಮೆರಾದ ಹಿಂದೆ ನಿಂತಾಗ. ಒಳಗೆ ಚಿತ್ರ ತಲೆಕೆಳಗು, ಎಡ ಬಲವೂ ಅದಲು ಬದಲು. ಹಾಗಾಗಿ ಕ್ಯಾಮೆರಾವನ್ನು ಎಡಕ್ಕೆ ತಿರುಗಿಸಬೇಕು ಅಂತ ತೀರ್ಮಾನಿಸಿದೆ. ಪೂರ್ತಿ ತಪ್ಪು. ಒಂದು ಜೋಡಣೆಯೂ ಕೂಡಲಿಲ್ಲ. ತೆಂಗಿನ ಮರದ ಮೇಲೆ ದೀಪಸ್ತಂಭ, ಅದರ ಮೇಲೆ ಗೋಡೆ.

ಮನೆಯಲ್ಲಿ ಎಣ್ಣೆ ಕಾಗದವನ್ನು ಪೈಪಿನ ಬಾಗಿಗೆ ಅಂಟಿಸಿ, ಕಿಟಕಿಯ ಎದುರು ಕ್ಯಾಮೆರಾ ತಿರುಗಿಸಿ ನೋಡಿದೆ. ತಲೆಯ ಮೇಲೆ ಕಪ್ಪು ಬಟ್ಟೆ ಹೊದ್ದುಕೊಂಡರೆ ಮಸುಕಾಗಿ ಕಾಣುತ್ತದೆ. ಕ್ಯಾಮೆರಾ ಬಲಕ್ಕೆ ತಿರುಗಿದಾಗ ಕಾಗದದ ಮೇಲಿನ ಚಿತ್ರವೂ ಬಲಕ್ಕೇ ಸರಿಯುತ್ತದೆ. ಫಿಲ್ಮ್ ಆ ಚಿತ್ರದ ಜೊತೆಗೇ ಓಡಬೇಕು. ಅಂದರೆ ಫಿಲ್ಮ್ ಬಲಕ್ಕೆ ಓಡಿದರೆ ಕ್ಯಾಮೆರಾವೂ ಬಲಕ್ಕೆ. ಪೆಟ್ಟಿಗೆಯ ಮೇಲೆ ಬಾಣದ ಗುರುತು ಕೊರೆದಿದ್ದೇನೆ. ಈ ಎಣ್ಣೆ ಕಾಗದದ ಪರೀಕ್ಷೆಯನ್ನು ಫಿಲ್ಮ್ ಹಾಕುವ ಮೊದಲೇ ಮಾಡಬೇಕಿತ್ತು.

ನವೆಂಬರ್ 16: ಐದನೇ ರೋಲ್, ಮಲ್ಪೆ ದಕ್ಕೆ (ಬೋಟು ನಿಲ್ಲುವ ಕಟ್ಟೆ)

ಮೊದಲ ಸಲ ಚಿತ್ರ ಕೂಡಿತು. ಬೋಟಿನ ಕಂಬಗಳು ಒಂದೊಂದೇ. ಡೆವಲಪ್ ಮಾಡಿ ಬೆಳಕಿಗೆ ಹಿಡಿದಾಗ ಕೈ ನಡುಗಿತು. ಆಮೇಲೆ ತಪ್ಪುಗಳು ಕಂಡವು, ಮೂರು.

ಒಂದು, ದಿಗಂತ ಹಾವಿನ ಹಾಗೆ ಏರಿ ಇಳಿದಿತ್ತು. ಟ್ರೈಪಾಡ್ ಮಟ್ಟವಾಗಿರಲಿಲ್ಲ. ಒಂದೇ ಫೋಟೊದಲ್ಲಿ ಇದು ಸ್ವಲ್ಪ ಓರೆ ಅನ್ನಿಸುತ್ತದೆ ಅಷ್ಟೆ. ಸುತ್ತಲೂ ತಿರುಗಿದಾಗ ಕಡಲೇ ಬಾಗುತ್ತದೆ. ದುಂಡು ಹಲಗೆಗೆ ರಸಮಟ್ಟದ ಸಣ್ಣ ಗುಳ್ಳೆ ಕೂರಿಸಿದೆ.

ಎರಡು, ದೂರದ್ದೆಲ್ಲ ಸರಿ, ಆದರೆ ಪಕ್ಕದಲ್ಲೇ ಇದ್ದ ಹಗ್ಗ ಕಟ್ಟುವ ಗೂಟ ಎರಡಾಗಿತ್ತು. ಟ್ರೈಪಾಡಿನ ನಟ್ಟನ್ನು ಪೆಟ್ಟಿಗೆಯ ನಡುವೆ ಕೂರಿಸಿದ್ದೆ. ತಿರುಗುವಾಗ ತೂತು ಜಾಗ ಬದಲಿಸುತ್ತಿತ್ತು. ನಟ್ಟು ಸರಿಯಾಗಿ ತೂತಿನ ಕೆಳಗೇ ಬರಬೇಕು. ಕಿತ್ತು ಮುಂದಕ್ಕೆ ಕೂರಿಸಿದೆ. ಈಗ ಪೆಟ್ಟಿಗೆಯ ಭಾರವೆಲ್ಲ ಹಿಂದಕ್ಕೆ ಜೋತಾಡುತ್ತದೆ, ಅದಕ್ಕೆ ಟ್ರೈಪಾಡಿನ ಒಂದು ಕಾಲು ಯಾವಾಗಲೂ ಮರಳು ಚೀಲಕ್ಕೆ ಕಟ್ಟುತ್ತೇನೆ.

ಮೂರು, ಆಕಾಶದಲ್ಲಿ ಪ್ರತಿ 44 ಮಿ.ಮೀ.ಗೆ ಒಂದು ತೆಳು ಗೆರೆ. ಹುಡುಕಿದರೆ ಮಾತ್ರ ಕಾಣುವಂಥದ್ದು. ಆದರೆ ಒಮ್ಮೆ ಕಂಡ ಮೇಲೆ ಕಣ್ಣು ಅಲ್ಲಿಗೇ ಹೋಗುತ್ತದೆ. ಇದು ಪೈಪಿನ ಬಾಗು ಮುಗಿಯುವ ಅಂಚು. ಅಲ್ಲಿಗೆ ಇನ್ನೂ ಸ್ವಲ್ಪ ಬೆಳಕು ತಲುಪುತ್ತಿತ್ತು.

ನವೆಂಬರ್ 23: ಉಜ್ಜದ ತಗಡು

ತಗಡನ್ನು ಆದಷ್ಟು ತೆಳುವಾಗಿ ಉಜ್ಜಬೇಕು ಅಂತ ಪಿನ್‌ಹೋಲ್ ಮಾಡುವವರೆಲ್ಲ ಹೇಳುತ್ತಾರೆ. ನಾನೂ ಅರ್ಧಕ್ಕರ್ಧ ಉಜ್ಜಿ 0.05 ಮಿ.ಮೀ.ಗೆ ತಂದಿದ್ದೆ. ತೆಳು ಇದ್ದಷ್ಟೂ ಓರೆಯಿಂದ ಬರುವ ಬೆಳಕು ಸುಲಭವಾಗಿ ಒಳಗೆ ಬರುತ್ತದೆ. ಬೇರೆ ಕ್ಯಾಮೆರಾಕ್ಕೆ ಅದು ಒಳ್ಳೆಯದು. ನನಗೆ ಬೇಕಾದದ್ದು ಅದರ ಉಲ್ಟಾ. ಬಾಗು ಮುಗಿಯುವ 70 ಡಿಗ್ರಿಗೆ ಬರುವಷ್ಟರಲ್ಲಿ ಬೆಳಕು ತಾನಾಗೇ ಸಾಯಬೇಕು.

ಕ್ಯಾನಿನ ತಗಡು ಉಜ್ಜದಿದ್ದರೆ ಸುಮಾರು 0.1 ಮಿ.ಮೀ. ದಪ್ಪ. ತೂತು 0.29. ಕಾಗದದಲ್ಲಿ ಗೆರೆ ಎಳೆದು ನೋಡಿದೆ. ಅಷ್ಟು ದಪ್ಪದ ಗೋಡೆ ಇರುವ ತೂತಿನಿಂದ 71 ಡಿಗ್ರಿ ಆಚೆಗೆ ಬೆಳಕು ನೇರವಾಗಿ ಬರಲು ಜಾಗವೇ ಇಲ್ಲ. ಅದಕ್ಕೆ ಮೊದಲೇ ಸ್ವಲ್ಪ ಸ್ವಲ್ಪವಾಗಿ ಕಡಿಮೆಯಾಗುತ್ತಾ ಬರುತ್ತದೆ. ಎಲ್ಲಿಯೂ ಅಂಚು ಅಂತ ಇರುವುದಿಲ್ಲ. ತಿಂಗಳುಗಟ್ಟಲೆ ಹುಡುಕಿದ ಮೆತ್ತಗಿನ ಅಂಚು ಆ ತಗಡಿನಲ್ಲೇ ಇತ್ತು, ನಾನೇ ಅದನ್ನು ಉಜ್ಜಿ ತೆಗೆದಿದ್ದೆ.

ಹೊಸ ತಗಡಿನಲ್ಲಿ ಮುಳ್ಳು ಮಾತ್ರ ತೆಗೆದೆ. ಒಳಗೋಡೆ ಹೊಳೆಯದಂತೆ ಕಪ್ಪು ಮಾರ್ಕರ್ ಹಚ್ಚಿದೆ. ಒಂದು ಫ್ರೇಮಿನ ಬೆಳಕಿನ ಮೇಲೆ ಅಕ್ಕಪಕ್ಕದ ಫ್ರೇಮುಗಳದ್ದೂ ಸೇರಿ ಎಲ್ಲ ಕಡೆ ಸುಮಾರು ಕಾಲು ಪಾಲು ಜಾಸ್ತಿ ಬೀಳುತ್ತದೆ. ಹಾಗಾಗಿ ಪ್ರತಿ ಸಲದ ಸಮಯದಲ್ಲಿ ಐದನೇ ಒಂದು ಪಾಲು ಕಡಿಮೆ ಮಾಡಬೇಕು.

ಡಿಸೆಂಬರ್ 7: ಆರನೇ ರೋಲ್, ಕೋಡಿ ಬೆಂಗ್ರೆ

ಕಡಲಿಗೂ ಹೊಳೆಗೂ ನಡುವೆ ಸಪೂರ ನಾಲಿಗೆಯಂಥ ನೆಲ. ಸ್ವರ್ಣೆ ಮತ್ತು ಸೀತಾ ಹೊಳೆ ಕಡಲು ಸೇರುವುದು ಇಲ್ಲೇ. ಒಂದೇ ಜಾಗದಲ್ಲಿ ನಿಂತು ಸುತ್ತ ತಿರುಗಿದರೆ ಎರಡೂ ಕಾಣುತ್ತವೆ. ಈ ಕ್ಯಾಮೆರಾ ಮಾಡಲು ಹೊರಟದ್ದೇ ಈ ಜಾಗಕ್ಕಾಗಿ.

ಸಂಜೆ ಐದೂವರೆ. ಫಿಲ್ಮ್ ಇಲ್ಫರ್ಡ್ ಎಫ್‌ಪಿ4 ಪ್ಲಸ್, 125 ಐಎಸ್‌ಒ. ಮೊಬೈಲಿನ ಮೀಟರ್ ಎಫ್/16ಕ್ಕೆ 1/15 ಸೆಕೆಂಡ್ ತೋರಿಸಿತು. ಎಫ್/145ಕ್ಕೆ ಅದನ್ನು 82ರಿಂದ ಗುಣಿಸಬೇಕು, ಐದೂವರೆ ಸೆಕೆಂಡ್. ಜಾಸ್ತಿ ಹೊತ್ತು ಬೆಳಕು ಬಿಟ್ಟಾಗ ಫಿಲ್ಮ್ ಬೆಳಕು ಹಿಡಿಯುವ ಚುರುಕು ಕಡಿಮೆಯಾಗುತ್ತದೆ, ಸಮಯ ಇನ್ನೂ ಜಾಸ್ತಿ ಬೇಕು. ಈ ಫಿಲ್ಮ್‌ಗೆ ಸೆಕೆಂಡುಗಳನ್ನು 1.26ರ ಘಾತಕ್ಕೆ ಏರಿಸಬೇಕು ಅಂತ ಇಲ್ಫರ್ಡ್‌ನವರೇ ಕೊಟ್ಟಿದ್ದಾರೆ. ಎಂಟೂವರೆ ಆಯಿತು. ಐದನೇ ಒಂದು ಪಾಲು ಕಳೆದು 7 ಸೆಕೆಂಡ್.

ಬೆಳಕು ಬಿಡುವುದು, ಮುಚ್ಚುವುದು, ರೋಲರಿನ ಮುಳ್ಳು ಹನ್ನೆರಡಕ್ಕೆ ಬರುವವರೆಗೆ ಸುತ್ತುವುದು, ಮೊಳೆ ಎತ್ತಿ ಬಲಕ್ಕೆ ಒಂದು ತೂತು ತಿರುಗಿಸುವುದು, ಅಲುಗಾಟ ನಿಲ್ಲಲು ಹತ್ತು ಎಣಿಸುವುದು. ಇದು ಏಳು ಸಲ. ಆರೇ ಸಲ ಮಾಡಿದರೆ ಸುತ್ತು ಪೂರ್ತಿಯಾಗುತ್ತದೆ, ಆದರೆ ಎರಡು ತುದಿಗೆ ಪಕ್ಕದ ಬೆಳಕು ಸಿಗದೆ ಪ್ರಿಂಟ್‌ನಲ್ಲಿ ಕಪ್ಪಾಗುತ್ತದೆ. ಏಳನೆಯದು ಶುರುವಿನ ದಿಕ್ಕೇ. ಒಂದು ರೋಲಿನಲ್ಲಿ ಇಂಥ ಎರಡು ಪಟ್ಟಿ ಬರುತ್ತವೆ. ಎರಡರ ನಡುವೆ ರೋಲರ್ ಮೂರು ಸುತ್ತು ಖಾಲಿ ಬಿಡಬೇಕು.

ಬಲೆ ಬಿಡಿಸುತ್ತಾ ಕುಳಿತಿದ್ದ ಹಿರಿಯರೊಬ್ಬರು, “ಎಂತ ಅಳತೆ ಮಾಡುದು ಮಾರಾಯ್ರೆ? ಜಾಗದ ಸರ್ವೆಯಾ?” ಅಂತ ಕೇಳಿದರು. ಫೋಟೊ ಅಂದೆ. ಲೆನ್ಸ್ ಎಲ್ಲಿ ಅಂತ ಬಗ್ಗಿ ನೋಡಿದರು. ತೂತು ತೋರಿಸಿದೆ. ಇಷ್ಟು ಸಣ್ಣದರಲ್ಲಿ ಇಷ್ಟು ದೊಡ್ಡ ಕಡಲು ಹೇಗೆ ಹೋಗುತ್ತದೆ ಅಂದರು. ಪ್ರಿಂಟ್ ತಂದು ತೋರಿಸುತ್ತೇನೆ ಅಂದಿದ್ದೇನೆ.

ಎರಡನೇ ಪಟ್ಟಿ ಸೂರ್ಯ ಮುಳುಗಿದ ಮೇಲೆ ತೆಗೆದೆ. ಅಲ್ಲಿ ತಪ್ಪಿದೆ. ಏಳು ಸಲಕ್ಕೂ ಒಂದೇ ಸಮಯ ಕೊಟ್ಟೆ, ಅಷ್ಟರೊಳಗೆ ಕತ್ತಲು ಏರಿತು. ಪಟ್ಟಿ ಕೊನೆಗೆ ಬಂದ ಹಾಗೆ ಮಂಕು. ಮುಳುಗಿದ ಮೇಲೆ ತೆಗೆಯುವುದಾದರೆ ಪ್ರತಿ ಸಲವೂ ಮೀಟರ್ ನೋಡಬೇಕು.

ಡೆವಲಪ್ ಮಾಡಿದ್ದು ಡಿ-76 ಅನ್ನುವ ಡೆವಲಪರ್‌ನಲ್ಲಿ, ಒಂದಕ್ಕೆ ಒಂದು ನೀರು, 20 ಡಿಗ್ರಿ, 11 ನಿಮಿಷ. ನಮ್ಮಲ್ಲಿ ನಲ್ಲಿ ನೀರು 20 ಡಿಗ್ರಿ ಬರುವುದೇ ಇಲ್ಲ. ಬಕೆಟ್ಟಿನಲ್ಲಿ ಐಸ್ ಹಾಕಿ ಡಬ್ಬಗಳನ್ನು ಇಟ್ಟುಕೊಳ್ಳುತ್ತೇನೆ. ತೊಳೆಯುವ ನೀರನ್ನೂ ತಣ್ಣಗೆ ಇಡಿ.

ಖರ್ಚು

ಪ್ಲೈವುಡ್ 60, ಬಳೆ 40, ಅಲ್ಯೂಮಿನಿಯಂ ಪೈಪ್ 30, ಪೇಂಟ್ 90, ವೆಲ್ವೆಟ್ 50, ನಟ್ಟು 10, ರಸಮಟ್ಟದ ಗುಳ್ಳೆ 45. ಒಟ್ಟು 325 ರೂಪಾಯಿ. ವಾರ್ನಿಷ್, ಗಮ್, ಪಿವಿಸಿ ಮನೆಯಲ್ಲಿದ್ದವು. ಫಿಲ್ಮ್ ಮಾತ್ರ ರೋಲಿಗೆ 950ರಂತೆ ಏಳಕ್ಕೆ 6,650. ಕೆಮಿಕಲ್ ಬೇರೆ. ಕ್ಯಾಮೆರಾದ ಖರ್ಚು ಏನೂ ಅಲ್ಲ, ತಪ್ಪುಗಳದ್ದೇ ಖರ್ಚು. ಅದಕ್ಕೇ ಕಾಗದದಲ್ಲಿ, ಎಣ್ಣೆ ಕಾಗದದಲ್ಲಿ ಮೊದಲು ಪರೀಕ್ಷೆ ಮಾಡಿ ಅಂತ ಮತ್ತೆ ಹೇಳುವುದು.

ಡಿಸೆಂಬರ್ 28: ಏಳನೇ ರೋಲ್, ರಥಬೀದಿ

ಜನವರಿ 18ರ ಕೃಷ್ಣ ಮಠದ ಪರ್ಯಾಯ ಉತ್ಸವ ಹತ್ತಿರ ಬಂದಿತ್ತು. ಆಮೇಲೆ ಕಾಲಿಡಲು ಜಾಗ ಇರುವುದಿಲ್ಲ ಅಂತ ಬೆಳಿಗ್ಗೆ ಬೇಗ ಹೋದೆ. ಸೂರ್ಯ ಇನ್ನೂ ಬಂದಿರಲಿಲ್ಲ, ಪ್ರತಿ ಸಲಕ್ಕೆ 40 ಸೆಕೆಂಡ್. ನಡೆದು ಹೋದವರು ಯಾರೂ ಚಿತ್ರದಲ್ಲಿಲ್ಲ. ಜಗಲಿಯಲ್ಲಿ ಕುಳಿತು ಹೂ ಕಟ್ಟುತ್ತಿದ್ದವರ ಕೈ ಮಸುಕು, ಮುಖ ಸ್ಪಷ್ಟ. ಕಲ್ಲು, ಕಂಬ, ಹೆಂಚು ಎಲ್ಲ ಒಂದಕ್ಕೊಂದು ಕೂಡಿವೆ. ಹತ್ತಿರದ ಗೋಡೆಯೂ ಎರಡಾಗಿಲ್ಲ, ನಟ್ಟು ಸರಿಯಾಗಿದೆ ಅಂತ ಈಗ ಗ್ಯಾರಂಟಿ.

ಪಟ್ಟಿಯ ಎರಡೂ ತುದಿಯಲ್ಲಿ ಒಂದೇ ಮೂಲೆ ಬಂದಿದೆ. ಮೊದಲ ತುದಿಯಲ್ಲಿ ಆ ಮೂಲೆ ಖಾಲಿ. ಕೊನೆಯ ತುದಿಯಲ್ಲಿ ಅಲ್ಲೊಂದು ದನ ಮಲಗಿದೆ. ನಾನು ಒಂದು ಸುತ್ತು ತಿರುಗಿ ಬರುವಷ್ಟರಲ್ಲಿ ಬಂದು ಮಲಗಿತ್ತು. ಕ್ಯಾಮೆರಾ ಹೊತ್ತು ಹೊರಡುವಾಗಲೂ ಅಲ್ಲೇ ಇತ್ತು.